ಲ್ಯಾಬಿನಲ್ಲಿ ರೋಗಾಣು ಕೊಂದ ಆಫ್ರಿಕಾದ ಗಿಡ ಔಷಧಿ ಅಂಗಡಿಗೆ ಯಾಕೆ ಬರುತ್ತಿಲ್ಲ?

ಆಫ್ರಿಕಾದ ಯಾವುದೋ ಗಿಡದ ಸಾರ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವನ್ನು ಕೊಂದಿತು ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಒಮ್ಮೆ ನೈಜೀರಿಯಾದಿಂದ, ಒಮ್ಮೆ ಕ್ಯಾಮರೂನ್‌ನಿಂದ, ಇನ್ನೊಮ್ಮೆ ದಕ್ಷಿಣ ಆಫ್ರಿಕಾದಿಂದ. ಅದರ ಜೊತೆಗೇ ಇನ್ನೊಂದು ಸುದ್ದಿಯೂ ಬರುತ್ತದೆ: ಆ್ಯಂಟಿಬಯೋಟಿಕ್‌ಗಳು ಕೈಕೊಡುತ್ತಿವೆ, ಹೊಸವು ಸಿಗುತ್ತಿಲ್ಲ. ಎರಡನ್ನೂ ಓದಿದವರಿಗೆ ಗೊಂದಲ ಆಗದೆ ಇರುತ್ತದಾ? ಇಷ್ಟೊಂದು ಗಿಡಗಳು ರೋಗಾಣುಗಳನ್ನು ಕೊಲ್ಲುತ್ತವೆ ಅಂದರೆ ಒಂದಾದರೂ ಮಾತ್ರೆ ಆಗಿ ಬರಬೇಕಿತ್ತಲ್ಲ!

2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆ, 2034ರವರೆಗಿನ ಸಾಂಪ್ರದಾಯಿಕ ವೈದ್ಯ ಪದ್ಧತಿಗಳ ಹೊಸ ಕಾರ್ಯಯೋಜನೆಗೆ ಒಪ್ಪಿಗೆ ಕೊಟ್ಟಿತು. ಗಿಡಮೂಲಿಕೆಗಳ ಬಗ್ಗೆ ಗಟ್ಟಿಯಾದ ಪುರಾವೆ ಕಲೆಹಾಕಬೇಕು ಎನ್ನುವುದು ಅದರ ಮುಖ್ಯ ಗುರಿಗಳಲ್ಲಿ ಒಂದು. ಹಾಗಾಗಿ ಈ ಬಗೆಯ ಸುದ್ದಿಗಳು ಮುಂದೆ ಇನ್ನೂ ಜಾಸ್ತಿ ಆಗಲಿವೆ.

ಕೆಲವರು ಇದನ್ನೆಲ್ಲ ಔಷಧ ಕಂಪನಿಗಳು ಮುಚ್ಚಿಡುತ್ತಿವೆ ಎನ್ನುತ್ತಾರೆ. ಇನ್ನು ಕೆಲವರು ಗಿಡಮೂಲಿಕೆ ಅಂದರೆ ಬರೀ ನಂಬಿಕೆ ಎಂದು ತಳ್ಳಿಹಾಕುತ್ತಾರೆ. ಎರಡೂ ಸರಿಯಲ್ಲ. ಪರೀಕ್ಷೆಗಳು ನಡೆದಿರುವುದು ನಿಜ, ಬ್ಯಾಕ್ಟೀರಿಯಾ ಸತ್ತಿರುವುದೂ ನಿಜ. ಆದರೆ ಎಷ್ಟು ಸಾರ ಹಾಕಿದಾಗ ಸತ್ತಿತು ಎಂಬುದು ಸುದ್ದಿಯಲ್ಲಿ ಇರುವುದಿಲ್ಲ. ಇಡೀ ವಿಷಯ ನಿಂತಿರುವುದೇ ಆ ಪ್ರಮಾಣದ ಮೇಲೆ.

ಆಫ್ರಿಕಾಕ್ಕೆ ಇದು ಯಾಕೆ ತುರ್ತು

ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕುಗಳಿಂದ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ನೇರವಾಗಿ ಸತ್ತರು ಎಂದು 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ ಅಂದಾಜು ಮಾಡಿತು. ಅದರಲ್ಲಿ ಸಾವಿನ ದರ ಅತಿ ಹೆಚ್ಚು ಇದ್ದದ್ದು ಪಶ್ಚಿಮ ಆಫ್ರಿಕಾದಲ್ಲಿ. ಅಲ್ಲಿ ಲಕ್ಷ ಜನರಿಗೆ 27ಕ್ಕೂ ಹೆಚ್ಚು ಸಾವು.

ಈ ಅಂಕಿ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಆ್ಯಂಟಿಬಯೋಟಿಕ್ ಸುಮ್ನೆ ನುಂಗುವ ಶ್ರೀಮಂತ ದೇಶಗಳಲ್ಲಿ ತಾನೇ ತೊಂದರೆ ಜಾಸ್ತಿ ಇರಬೇಕು? ಆದರೆ ಸಾವು ಹೆಚ್ಚುವುದು ಬರೀ ಬಳಕೆಯಿಂದಲ್ಲ. ಯಾವ ರೋಗಾಣು ಎಂದು ಪತ್ತೆ ಮಾಡುವ ಲ್ಯಾಬ್ ಇಲ್ಲದಿದ್ದರೆ ವೈದ್ಯರು ಊಹೆಯ ಮೇಲೆ ಔಷಧಿ ಕೊಡಬೇಕಾಗುತ್ತದೆ. ಮೊದಲ ಔಷಧಿ ಕೆಲಸ ಮಾಡದಿದ್ದಾಗ ಎರಡನೆಯದು ಸಿಗುವುದಿಲ್ಲ, ಸಿಕ್ಕರೂ ದುಡ್ಡು ಇರುವುದಿಲ್ಲ. ಆಫ್ರಿಕಾದ 14 ದೇಶಗಳ ಸುಮಾರು 50,000 ವೈದ್ಯಕೀಯ ಲ್ಯಾಬ್‌ಗಳನ್ನು ನೋಡಿದ ಒಂದು ಸಮೀಕ್ಷೆಯ ವರದಿ 2022ರಲ್ಲಿ ಬಂತು. ಅವುಗಳಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆ ಮಾಡುತ್ತಿದ್ದದ್ದು ಶೇಕಡಾ 1.3 ಮಾತ್ರ. ಈ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಿ, ಗಿಡಗಳ ಪರೀಕ್ಷೆಗೂ ಇದಕ್ಕೂ ನಂಟಿದೆ.

ಇಂಥ ಕಡೆ ಕೆಮ್ಮು, ಭೇದಿ, ಗಾಯದ ಕೀವು ಬಂದವರು ಎಷ್ಟೋ ಸಲ ಮೊದಲು ಹೋಗುವುದು ಹಳ್ಳಿಯ ನಾಟಿ ವೈದ್ಯರ ಹತ್ತಿರ. ಅವರು ಕೊಡುವ ಬೇರು, ತೊಗಟೆ, ಎಲೆ ನಿಜಕ್ಕೂ ಸೋಂಕನ್ನು ತಡೆಯುತ್ತದೆಯೇ ಎಂದು ತಿಳಿಯುವುದು ಕೋಟ್ಯಂತರ ಜನರ ದಿನನಿತ್ಯದ ಆರೋಗ್ಯದ ಪ್ರಶ್ನೆ. ಹೊಸ ಔಷಧಿ ಹುಡುಕುವುದು ಆಮೇಲಿನ ಮಾತು.

ಪರೀಕ್ಷೆ ಹೇಗೆ ನಡೆಯುತ್ತದೆ

ಗಿಡವನ್ನು ಗುರುತಿಸಿ, ಒಂದು ಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿ ಇಡುತ್ತಾರೆ. ಬೇಕಾದ ಭಾಗವನ್ನು ಒಣಗಿಸಿ ಪುಡಿ ಮಾಡುತ್ತಾರೆ. ಪುಡಿಯನ್ನು ನೀರು, ಮೆಥನಾಲ್, ಅಸಿಟೋನ್ ಇಂಥ ಯಾವುದಾದರೂ ದ್ರವದಲ್ಲಿ ನೆನೆಸಿ, ಸೋಸಿ, ಆರಿಸಿದರೆ ಉಳಿಯುವುದೇ ಸಾರ.

ಇದನ್ನು ಬ್ಯಾಕ್ಟೀರಿಯಾ ಮೇಲೆ ಪ್ರಯೋಗಿಸಲು ತುಂಬ ಸುಲಭದ ಒಂದು ದಾರಿ ಇದೆ. ಅಗರ್ ಎಂಬ ಜೆಲ್ಲಿಯಂಥ ವಸ್ತು ಹಾಕಿದ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರಿ, ಸಾರದಲ್ಲಿ ಅದ್ದಿದ ಸಣ್ಣ ಕಾಗದದ ಬಿಲ್ಲೆಯನ್ನು ಇಟ್ಟು, ಒಂದು ರಾತ್ರಿ ಬೆಚ್ಚಗೆ ಬಿಡುವುದು. ಬೆಳಗ್ಗೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ವೃತ್ತ ಕಂಡರೆ ಸಾರಕ್ಕೆ ಶಕ್ತಿ ಇದೆ ಎಂದರ್ಥ. ಕರ್ನಾಟಕದ ಕಾಲೇಜುಗಳ ಮೈಕ್ರೋಬಯಾಲಜಿ ವಿದ್ಯಾರ್ಥಿಗಳು ಬೇವು, ತುಳಸಿಯ ಮೇಲೆ ಮಾಡುವ ಪ್ರಾಜೆಕ್ಟುಗಳೂ ಹೆಚ್ಚಾಗಿ ಇದೇ ಬಗೆಯವು. ಖರ್ಚು ಕಡಿಮೆ, ಫೋಟೋ ಚೆನ್ನಾಗಿ ಬರುತ್ತದೆ.

ತೊಂದರೆ ಏನೆಂದರೆ, ಈ ವೃತ್ತದ ಅಗಲ ಎರಡು ವಿಷಯಗಳನ್ನು ಒಟ್ಟಿಗೇ ತೋರಿಸುತ್ತದೆ. ಸಾರಕ್ಕೆ ಕೊಲ್ಲುವ ಶಕ್ತಿ ಎಷ್ಟಿದೆ ಎನ್ನುವುದು ಒಂದು. ಅದು ಅಗರ್‌ನಲ್ಲಿ ಎಷ್ಟು ದೂರ ಹರಡಿತು ಎನ್ನುವುದು ಇನ್ನೊಂದು. ಅಗರ್‌ನಲ್ಲಿ ಇರುವುದು ಬಹುಪಾಲು ನೀರು. ಎಣ್ಣೆಯಂಥ, ನೀರಿಗೆ ಸೇರದ ವಸ್ತು ಅದರಲ್ಲಿ ಹರಡುವುದೇ ಇಲ್ಲ. ಗಿಡಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಎಷ್ಟೋ ವಸ್ತುಗಳು ಈ ಜಾತಿಯವೇ. ಹಾಗಾಗಿ ಬಲವಾದ ಸಾರಕ್ಕೆ ಸಣ್ಣ ವೃತ್ತ, ದುರ್ಬಲ ಸಾರಕ್ಕೆ ದೊಡ್ಡ ವೃತ್ತ ಬರುವುದುಂಟು. ವೃತ್ತಗಳ ಅಗಲ ಹೋಲಿಸಿ ಈ ಗಿಡ ಆ ಗಿಡಕ್ಕಿಂತ ಮೇಲು ಎನ್ನುವುದು ಸುಮ್ನೆ ಊಹೆ ಅಷ್ಟೇ.

ದಕ್ಷಿಣ ಆಫ್ರಿಕಾದ ವಿಜ್ಞಾನಿ ಕೋಬಸ್ ಎಲಾಫ್ ಇದಕ್ಕೆ 1998ರಲ್ಲಿ ಒಂದು ಒಳ್ಳೆಯ ಪರಿಹಾರ ಕೊಟ್ಟರು. 96 ಪುಟ್ಟ ಕುಳಿಗಳಿರುವ ಪ್ಲಾಸ್ಟಿಕ್ ತಟ್ಟೆ ತೆಗೆದುಕೊಳ್ಳುವುದು. ಮೊದಲ ಕುಳಿಯಲ್ಲಿ ಸಾರ ಹೆಚ್ಚು, ಮುಂದಿನದರಲ್ಲಿ ಅದರ ಅರ್ಧ, ಅದರ ಮುಂದೆ ಅರ್ಧದ ಅರ್ಧ, ಹೀಗೆ ತೆಳುವಾಗಿಸುತ್ತ ಹೋಗುವುದು. ಎಲ್ಲದಕ್ಕೂ ಒಂದೇ ಅಳತೆಯ ಬ್ಯಾಕ್ಟೀರಿಯಾ ಹಾಕುವುದು. ರಾತ್ರಿ ಕಳೆದ ಮೇಲೆ ಒಂದು ಬಣ್ಣದ ರಾಸಾಯನಿಕ ಸೇರಿಸುವುದು. ಬ್ಯಾಕ್ಟೀರಿಯಾ ಬದುಕಿರುವ ಕುಳಿ ಕೆಂಪಾಗುತ್ತದೆ, ಬೆಳೆಯದ ಕಡೆ ಬಣ್ಣ ಬರುವುದಿಲ್ಲ. ಬಣ್ಣ ಬರದ ಕುಳಿಗಳಲ್ಲಿ ಅತಿ ಕಡಿಮೆ ಸಾರ ಇರುವುದು ಯಾವುದೋ, ಅದರ ಪ್ರಮಾಣವೇ ಎಂ.ಐ.ಸಿ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಕನಿಷ್ಠ ಎಷ್ಟು ಸಾರ ಬೇಕು ಎಂದು ಈ ಅಂಕಿ ಹೇಳುತ್ತದೆ. ಅಂಕಿ ಸಣ್ಣದಾದಷ್ಟೂ ಸಾರ ಬಲಶಾಲಿ.

ಈ ವಿಧಾನಕ್ಕೆ ದುಬಾರಿ ಯಂತ್ರ ಬೇಡ, ಸಾರವೂ ಚೂರು ಸಾಕು. ಆಫ್ರಿಕಾದ ಲ್ಯಾಬ್‌ಗಳ ಕಷ್ಟ ಗೊತ್ತಿದ್ದ ಒಬ್ಬರು ಅಲ್ಲೇ ಕೂತು ರೂಪಿಸಿದ ವಿಧಾನ ಇದು. ಈಗ ಜಗತ್ತಿನ ಎಲ್ಲೆಡೆ ಇದನ್ನು ಬಳಸುತ್ತಾರೆ. ಇದಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ.

ಒಂದು ಸರಳ ಲೆಕ್ಕ

ಈಗ ಪ್ರಮಾಣದ ಪ್ರಶ್ನೆಗೆ ಬರೋಣ. ಈ ಕ್ಷೇತ್ರದ ತಜ್ಞರಲ್ಲಿ ಹಲವರು ಒಪ್ಪುವ ಅಳತೆಗೋಲು ಹೀಗಿದೆ: ಶುದ್ಧ ಮಾಡದ ಸಾರದ ಎಂ.ಐ.ಸಿ. ಒಂದು ಮಿಲಿಲೀಟರಿಗೆ 100 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಗಮನ ಕೊಡಬೇಕಾದ ಫಲಿತಾಂಶ. 1,000 ಮೈಕ್ರೋಗ್ರಾಂ, ಅಂದರೆ 1 ಮಿಲಿಗ್ರಾಂ ದಾಟಿದರೆ ಅದಕ್ಕೆ ಹೆಚ್ಚಿನ ಅರ್ಥವಿಲ್ಲ. ಆದರೂ 5, 10, ಕೆಲವೊಮ್ಮೆ 50 ಮಿಲಿಗ್ರಾಂ ಹಾಕಿ 'ಬ್ಯಾಕ್ಟೀರಿಯಾ ಸತ್ತಿತು' ಎಂದು ಬರೆದ ಪ್ರಬಂಧಗಳು ಬೇಕಾದಷ್ಟಿವೆ. ಅಷ್ಟು ಹಾಕಿದರೆ ಹುಳಿಯಂಥ ಸಾಧಾರಣ ವಸ್ತುಗಳೂ ಬ್ಯಾಕ್ಟೀರಿಯಾದ ಬೆಳವಣಿಗೆಗೆ ತೊಂದರೆ ಕೊಡಲು ಶುರು ಮಾಡುತ್ತವೆ.

1 ಮಿಲಿಗ್ರಾಂ ಯಾಕೆ ಕೆಲಸಕ್ಕೆ ಬರುವುದಿಲ್ಲ? ಒಬ್ಬ ವಯಸ್ಕರ ದೇಹದಲ್ಲಿ ಸುಮಾರು 40 ಲೀಟರ್ ನೀರಿದೆ. ದೇಹದ ಒಳಗಿನ ಸೋಂಕಿಗೆ ಎಲ್ಲ ಕಡೆ ಅಷ್ಟು ಪ್ರಮಾಣ ಮುಟ್ಟಿಸಬೇಕು ಅಂದರೆ 40 ಗ್ರಾಂ ಸಾರ ರಕ್ತಕ್ಕೆ ಸೇರಬೇಕು. 100 ಗ್ರಾಂ ಒಣ ಗಿಡದಿಂದ 10 ಗ್ರಾಂ ಸಾರ ಬರುತ್ತದೆ ಎಂದುಕೊಂಡರೆ, ಒಂದು ಹೊತ್ತಿಗೆ 400 ಗ್ರಾಂ ಒಣ ತೊಗಟೆ ಬೇಕು. ಅದೂ ಕುಡಿದದ್ದೆಲ್ಲ ಕರುಳಿನಿಂದ ರಕ್ತಕ್ಕೆ ಸೇರಿ, ಯಕೃತ್ತು ಅದನ್ನು ಒಡೆಯದೆ ಬಿಟ್ಟರೆ. ವಾಸ್ತವದಲ್ಲಿ ಬಹುಪಾಲು ಸೇರುವುದೇ ಇಲ್ಲ. ದಿನಕ್ಕೆ ಮೂರು ಹೊತ್ತು, ಒಂದು ವಾರ ಎಂದು ಲೆಕ್ಕ ಹಾಕಿದರೆ ಯಾರೂ ಕುಡಿಯಲಾಗದ ಕಷಾಯ ಅದು.

100 ಮೈಕ್ರೋಗ್ರಾಂ ಇದ್ದರೆ ಇದೇ ಲೆಕ್ಕ 40 ಗ್ರಾಂ ಒಣ ಗಿಡಕ್ಕೆ ಇಳಿಯುತ್ತದೆ. ಈಗಲೂ ಹೆಚ್ಚೇ. ಆದರೆ ಇಲ್ಲಿ ಒಂದು ಆಸೆ ಇದೆ. ಸಾರದಲ್ಲಿ ನೂರಾರು ವಸ್ತುಗಳು ಬೆರೆತಿರುತ್ತವೆ. ಕೊಲ್ಲುವ ವಸ್ತು ಅದರಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ ಇದ್ದರೆ, ಅದನ್ನು ಬೇರ್ಪಡಿಸಿದಾಗ ಅದರ ಎಂ.ಐ.ಸಿ. 1 ಮೈಕ್ರೋಗ್ರಾಂ ಆಗಬಹುದು. ಅದು ನಿಜವಾದ ಆ್ಯಂಟಿಬಯೋಟಿಕ್‌ಗಳ ಸಾಲಿಗೆ ಸೇರುವ ಅಂಕಿ. ಹಾಗಾಗಿ ಒಳ್ಳೆಯ ಲ್ಯಾಬ್‌ಗಳು ಸಾರದ ಪರೀಕ್ಷೆಗೇ ನಿಲ್ಲುವುದಿಲ್ಲ. ಅದರೊಳಗೆ ಇರುವುದು ಯಾವ ವಸ್ತು ಎಂದು ಹುಡುಕುತ್ತ ಹೋಗುತ್ತವೆ. ಈ ಎರಡನೇ ಹೆಜ್ಜೆಗೆ ದುಬಾರಿ ಯಂತ್ರ, ಪರಿಣತ ರಸಾಯನ ವಿಜ್ಞಾನಿಗಳು, ವರ್ಷಗಟ್ಟಲೆ ಸಮಯ ಬೇಕು. ಹೆಚ್ಚಿನ ಕೆಲಸ ಮೊದಲ ಹೆಜ್ಜೆಗೇ ನಿಂತುಹೋಗುವುದು ಇದೇ ಕಾರಣಕ್ಕೆ.

ಗಿಡಗಳು ಮಲೇರಿಯಾಗೆ ಮದ್ದು ಕೊಟ್ಟವು, ಬ್ಯಾಕ್ಟೀರಿಯಾಗೆ ಯಾಕೆ ಕೊಡಲಿಲ್ಲ?

ಮಲೇರಿಯಾದ ಕ್ವಿನೈನ್ ಬಂದದ್ದು ದಕ್ಷಿಣ ಅಮೆರಿಕಾದ ಮರದ ತೊಗಟೆಯಿಂದ. ಆರ್ಟಿಮಿಸಿನಿನ್ ಬಂದದ್ದು ಚೀನಾದ ಆರ್ಟಿಮಿಸಿಯಾ ಎಂಬ ಗಿಡದಿಂದ. ಅದನ್ನು ಪತ್ತೆ ಮಾಡಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆಫ್ರಿಕಾದ ಮಡಗಾಸ್ಕರ್ ಮೂಲದ ನಿತ್ಯಪುಷ್ಪ, ನಮ್ಮ ಅಂಗಳಗಳಲ್ಲಿ ಕಾಶಿ ಕಣಗಿಲೆ ಎಂದು ಬೆಳೆಸುವ ಗಿಡ, ವಿನ್‌ಕ್ರಿಸ್ಟೀನ್ ಮತ್ತು ವಿನ್‌ಬ್ಲಾಸ್ಟೀನ್ ಎಂಬ ಎರಡು ದೊಡ್ಡ ಕ್ಯಾನ್ಸರ್ ಔಷಧಿಗಳನ್ನು ಕೊಟ್ಟಿತು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಅದನ್ನು ಪರೀಕ್ಷೆ ಮಾಡಿದ್ದು ಸಕ್ಕರೆ ಕಾಯಿಲೆಗೆ. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಅಲ್ಲಿಂದ ದಾರಿ ರಕ್ತದ ಕ್ಯಾನ್ಸರ್ ಕಡೆಗೆ ತಿರುಗಿತು.

ಆದರೆ ಮೈಯೊಳಗಿನ ಬ್ಯಾಕ್ಟೀರಿಯಾ ಸೋಂಕಿಗೆ ವೈದ್ಯರು ಇವತ್ತು ಬರೆದುಕೊಡುವ ಮುಖ್ಯ ಆ್ಯಂಟಿಬಯೋಟಿಕ್‌ಗಳಲ್ಲಿ ಗಿಡದಿಂದ ಬಂದದ್ದು ಇಲ್ಲ. ಪೆನಿಸಿಲಿನ್ ಬಂದದ್ದು ಬೂಷ್ಟಿನಿಂದ, ಸ್ಟ್ರೆಪ್ಟೋಮೈಸಿನ್ ಬಂದದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದ. ಉಳಿದವು ಅಂಥ ಸೂಕ್ಷ್ಮಜೀವಿಗಳಿಂದಲೇ ಬಂದವು, ಅವುಗಳ ಮಾರ್ಪಾಡು, ಇಲ್ಲವೇ ಪೂರ್ತಿ ಲ್ಯಾಬಿನಲ್ಲೇ ತಯಾರಾದವು.

ಇದಕ್ಕೆ ಕಾರಣ ಗಿಡಗಳ ಬದುಕಿನಲ್ಲೇ ಇದೆ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಪಕ್ಕದ ಸೂಕ್ಷ್ಮಜೀವಿಯೇ ಪ್ರತಿಸ್ಪರ್ಧಿ. ಹಾಗಾಗಿ ಕೆಲವು ಜಾತಿಗಳು ಚೂರೇ ಚೂರು ಸಾಕಾಗುವಂಥ, ನೇರ ಗುರಿಗೆ ತಾಗುವಂಥ ವಿಷವನ್ನು ತಯಾರಿಸುತ್ತವೆ. ಗಿಡಕ್ಕೆ ಶತ್ರುಗಳು ತರಹೇವಾರಿ: ಶಿಲೀಂಧ್ರ, ಕೀಟ, ಮೇಯುವ ಪ್ರಾಣಿ, ಬ್ಯಾಕ್ಟೀರಿಯಾ. ಒಂದೊಂದು ಶತ್ರುವಿಗೂ ಒಂದೊಂದು ಅಸ್ತ್ರ ಮಾಡುವ ಬದಲು ಅದು ಸಾಧಾರಣ ಶಕ್ತಿಯ ಹತ್ತಾರು ವಸ್ತುಗಳನ್ನು ಒಟ್ಟಿಗೆ ಇಟ್ಟುಕೊಂಡಿರುತ್ತದೆ. ಸೋಂಕು ತಗಲಿದ ಜಾಗದಲ್ಲಿ ಅವನ್ನು ದಂಡಿಯಾಗಿ ಸುರಿಯುತ್ತದೆ. ಗಿಡಕ್ಕೆ ಅಷ್ಟು ಸಾಕು. ನಮಗೆ ಮಾತ್ರೆ ಮಾಡಲು ಅದು ಸಾಲದು.

ಇನ್ನೊಂದು ಕಾರಣ ಬ್ಯಾಕ್ಟೀರಿಯಾ ಕಡೆಯದು. ಗ್ರಾಂ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪದರ ಇರುತ್ತದೆ. ಒಳಗೆ ಬಂದ ವಿಷವನ್ನು ಹೊರಗೆ ಎಸೆಯುವ ಪಂಪುಗಳೂ ಇರುತ್ತವೆ. ಆಸ್ಪತ್ರೆಗಳನ್ನು ಈಗ ಕಾಡುತ್ತಿರುವ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್, ಸ್ಯೂಡೋಮೊನಾಸ್ ಎಲ್ಲ ಈ ಗುಂಪಿಗೆ ಸೇರಿದವು. 'ಗಿಡದ ಸಾರ ಕೊಂದಿತು' ಎಂಬ ಸುದ್ದಿಗಳಲ್ಲಿ ಸಾಮಾನ್ಯವಾಗಿ ಸಾಯುವುದು ಈ ಪದರ ಇಲ್ಲದ ಸ್ಟೆಫೈಲೋಕಾಕಸ್‌ನಂಥವು. ಸುಲಭದ ಶತ್ರುವಿನ ಮೇಲಿನ ಗೆಲುವನ್ನು ಕಷ್ಟದ ಶತ್ರುವಿನ ಮೇಲಿನ ಗೆಲುವು ಎಂದು ಓದಿಕೊಂಡಾಗ ಸುಳ್ಳು ಭರವಸೆ ಹುಟ್ಟುತ್ತದೆ.

ಆದರೆ ಇದೇ ಪಂಪುಗಳಿಂದ ಒಂದು ಹೊಸ ದಾರಿಯೂ ತೆರೆದುಕೊಂಡಿದೆ. 2002ರಲ್ಲಿ ಅಮೆರಿಕಾದ ವಿಜ್ಞಾನಿಗಳು ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದ ಪಂಪುಗಳನ್ನು ನಿಲ್ಲಿಸಿ ನೋಡಿದಾಗ, ದುರ್ಬಲ ಎನ್ನಿಸಿಕೊಂಡಿದ್ದ ಗಿಡದ ವಸ್ತುಗಳು ಏಕಾಏಕಿ ಬಲಶಾಲಿಯಾದವು. ಅಂದರೆ ಕೆಲವಕ್ಕೆ ಶಕ್ತಿ ಇಲ್ಲ ಎಂದಲ್ಲ, ಒಳಗೆ ನಿಲ್ಲಲು ಬಿಡುತ್ತಿಲ್ಲ. ಇನ್ನೊಂದು ವಿಷಯ, ಪಂಪನ್ನು ತಡೆಯುವ ವಸ್ತುಗಳೂ ಗಿಡಗಳಲ್ಲೇ ಸಿಕ್ಕಿವೆ. ಹಳೆಯ ಆ್ಯಂಟಿಬಯೋಟಿಕ್ ಜೊತೆ ಅಂಥದ್ದೊಂದನ್ನು ಸೇರಿಸಿ ಅದಕ್ಕೆ ಮತ್ತೆ ಬಲ ತರುವ ಪ್ರಯತ್ನ ಆಫ್ರಿಕಾದ ಹಲವು ಲ್ಯಾಬ್‌ಗಳಲ್ಲಿ ನಡೆಯುತ್ತಿದೆ. ಗಿಡಗಳಿಂದ ಹೊಸ ಪೆನಿಸಿಲಿನ್ ನಿರೀಕ್ಷಿಸುವುದಕ್ಕಿಂತ ಇದು ಹೆಚ್ಚು ಫಲ ಕೊಡಬಹುದಾದ ಹುಡುಕಾಟ.

ನಾಟಿ ವೈದ್ಯರ ಕಡೆಯ ವಾದ

ಲ್ಯಾಬ್ ತೀರ್ಪನ್ನು ನಾಟಿ ವೈದ್ಯರು ಒಪ್ಪದಿರಲು ಕಾರಣಗಳಿವೆ. ಅವು ಹಗುರವಾದ ಕಾರಣಗಳೂ ಅಲ್ಲ.

ಅವರು ಗಿಡವನ್ನು ನೀರಿನಲ್ಲಿ ಕುದಿಸುತ್ತಾರೆ, ಲ್ಯಾಬಿನವರು ಅಸಿಟೋನ್‌ನಲ್ಲಿ ನೆನೆಸುತ್ತಾರೆ. ಎರಡರಲ್ಲಿ ಕರಗಿ ಬರುವುದು ಬೇರೆ ಬೇರೆ. ಅಸಿಟೋನ್ ಸಾರ ಗೆದ್ದರೆ ಕಷಾಯವೂ ಗೆದ್ದಂತೆ ಅಲ್ಲ, ಸೋತರೆ ಕಷಾಯವೂ ಸೋತಂತೆ ಅಲ್ಲ. ತು ಯೂಯೂ ಅವರ ಕತೆಯಲ್ಲೂ ಇದೇ ಆಯಿತು. ಬಿಸಿ ಮಾಡಿ ತೆಗೆದ ಸಾರ ಕೈಕೊಟ್ಟಿತು, ಕಡಿಮೆ ಶಾಖದಲ್ಲಿ ಈಥರ್ ಎಂಬ ದ್ರವದಿಂದ ತೆಗೆದದ್ದು ಗೆದ್ದಿತು. ಗಿಡ ಅದೇ, ತೆಗೆದ ರೀತಿ ಬೇರೆ.

ಎರಡನೆಯದಾಗಿ, ಅವರು ಒಂದೇ ಗಿಡ ಕೊಡುವುದು ಕಡಿಮೆ. ನಾಲ್ಕೈದು ಬೆರೆಸಿ ಕೊಡುತ್ತಾರೆ. ಮೂರನೆಯ ವಾದ ಎಲ್ಲಕ್ಕಿಂತ ಮುಖ್ಯ: ರೋಗ ವಾಸಿಯಾಗಲು ಔಷಧಿಯೇ ರೋಗಾಣುವನ್ನು ಕೊಲ್ಲಬೇಕು ಎಂದೇನೂ ಇಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಪೆಲಾರ್ಗೋನಿಯಂ ಸೈಡಾಯ್ಡಿಸ್. ದಕ್ಷಿಣ ಆಫ್ರಿಕಾ ಮತ್ತು ಲೆಸೊಥೊದ ಹುಲ್ಲುಗಾವಲಿನಲ್ಲಿ ಬೆಳೆಯುವ ಪುಟ್ಟ ಗಿಡ, ಕಪ್ಪು ಕೆಂಪು ಹೂವು. 1897ರಲ್ಲಿ ಚಾರ್ಲ್ಸ್ ಹೆನ್ರಿ ಸ್ಟೀವನ್ಸ್ ಎಂಬ ಇಂಗ್ಲಿಷ್ ಯುವಕ ಕ್ಷಯ ಹಿಡಿದು ಆ ಕಡೆಗೆ ಹೋದ. ಅಲ್ಲಿನ ಬಸೊಥೊ ಜನಾಂಗದ ನಾಟಿ ವೈದ್ಯರೊಬ್ಬರು ಬೇರಿನ ಮದ್ದು ಕೊಟ್ಟರು. ಆತ ಗುಣವಾಗಿ ಇಂಗ್ಲೆಂಡಿಗೆ ವಾಪಸು ಹೋಗಿ ಅದನ್ನೇ ಕ್ಷಯದ ಮದ್ದು ಎಂದು ಮಾರತೊಡಗಿದ. ಬ್ರಿಟಿಷ್ ವೈದ್ಯರ ಸಂಘ ಅದು ಮೋಸ ಎಂದು ಸಾರಿತು. ಜಗಳ ಕೋರ್ಟಿಗೂ ಹೋಯಿತು, ಸ್ಟೀವನ್ಸ್ ಸೋತ. ಮುಂದೆ ಅದೇ ಬೇರಿನ ಸಾರ ಜರ್ಮನಿಯಲ್ಲಿ ಕೆಮ್ಮು, ಶ್ವಾಸನಾಳದ ಸೋಂಕಿನ ಔಷಧಿಯಾಗಿ ದೊಡ್ಡ ವ್ಯಾಪಾರವಾಯಿತು.

ಲ್ಯಾಬಿನಲ್ಲಿ ಈ ಸಾರದ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಸಾಧಾರಣ. ಕುಳಿ ತಟ್ಟೆಯ ಪರೀಕ್ಷೆಯೊಂದನ್ನೇ ನಂಬಿದ್ದರೆ ಇದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೇರೆ ಪರೀಕ್ಷೆಗಳಲ್ಲಿ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳಿಗೆ ಅಂಟಿಕೊಳ್ಳದಂತೆ ಇದು ತಡೆಯುವುದು, ದೇಹದ ರಕ್ಷಣಾ ವ್ಯವಸ್ಥೆಯನ್ನು ಚುರುಕು ಮಾಡುವುದು ಕಂಡಿತು. ರೋಗಿಗಳ ಮೇಲಿನ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಎಂಬ ಸಂಸ್ಥೆಯ ವಿಮರ್ಶೆ, ಶ್ವಾಸನಾಳದ ಉರಿಯೂತದ ಲಕ್ಷಣಗಳು ಇದರಿಂದ ಕಡಿಮೆಯಾಗಬಹುದು, ಆದರೆ ಪುರಾವೆ ಗಟ್ಟಿಯಾಗಿಲ್ಲ ಎಂದು 2013ರಲ್ಲಿ ಹೇಳಿತು. ಕ್ಷಯಕ್ಕೆ ಮದ್ದು ಎಂಬ ಸ್ಟೀವನ್ಸ್‌ನ ಮಾತಿಗೆ ಇದು ಬೆಂಬಲ ಅಲ್ಲ. ಹಾಗೆಂದು ಬೇರು ನಿಷ್ಪ್ರಯೋಜಕ ಎಂಬ ಮಾತಿಗೂ ಬೆಂಬಲ ಅಲ್ಲ.

ಬಹಳ ಕಾಲದಿಂದ ಬಳಸಿದ್ದೆಲ್ಲ ಸುರಕ್ಷಿತವೇ?

ಇಲ್ಲ. ಈ ವಿಷಯದಲ್ಲಿ ಮೆತ್ತಗೆ ಮಾತಾಡಿ ಪ್ರಯೋಜನವಿಲ್ಲ.

ದಕ್ಷಿಣ ಆಫ್ರಿಕಾದ ಜುಲು ಜನ ತಲೆತಲಾಂತರದಿಂದ ಬಳಸುತ್ತ ಬಂದ ಇಂಪಿಲಾ ಎಂಬ ಗೆಡ್ಡೆಯಲ್ಲಿ ಅಟ್ರಾಕ್ಟೈಲೋಸೈಡ್ ಎಂಬ ವಿಷವಿದೆ. ಅದು ಯಕೃತ್ತು ಮತ್ತು ಮೂತ್ರಪಿಂಡವನ್ನು ಹಾಳು ಮಾಡುತ್ತದೆ. ಅದರಿಂದ ಮಕ್ಕಳೂ ಸತ್ತಿದ್ದಾರೆ. ಇಷ್ಟು ಕಾಲ ಇದು ಯಾಕೆ ಗೊತ್ತಾಗಲಿಲ್ಲ ಎಂದು ಕೇಳಬಹುದು. ಮದ್ದು ಕುಡಿದ ತಕ್ಷಣ ವಾಂತಿಯಾದರೆ ಹಳ್ಳಿಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಕೆಲವು ದಿನ ಬಿಟ್ಟು ಯಕೃತ್ತು ಸೋತರೆ, ಅದು ಮೊದಲಿದ್ದ ಕಾಯಿಲೆಯೇ ಜೋರಾಯಿತು ಎಂದು ಕಾಣುತ್ತದೆ. ತಡವಾಗಿ ಬರುವ ಹಾನಿಯನ್ನು ಅನುಭವದಿಂದ ಗುರುತಿಸುವುದು ಬಹಳ ಕಷ್ಟ. ಲ್ಯಾಬ್ ಬೇಕಾಗುವುದು ಇಲ್ಲೇ.

ಘಾನಾದಲ್ಲಿ ಜ್ವರಕ್ಕೆ ನಿಬಿಮಾ ಎಂಬ ಬಳ್ಳಿಯ ಬೇರು ಕೊಡುತ್ತಾರೆ. ಅದರಲ್ಲಿರುವ ಕ್ರಿಪ್ಟೋಲೆಪಿನ್ ಮಲೇರಿಯಾ ಪರಾವಲಂಬಿಯನ್ನೂ ಕೆಲವು ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಆದರೆ ಅದು ಡಿಎನ್‌ಎಗೆ ಅಂಟಿಕೊಳ್ಳುವ ವಸ್ತು. ಡಿಎನ್‌ಎ ನಮ್ಮ ಜೀವಕೋಶಗಳಲ್ಲೂ ಇದೆಯಲ್ಲ! ಹಾಗಾಗಿ ಅಲ್ಲಿನ ವಿಜ್ಞಾನಿಗಳು ಮೂಲ ವಸ್ತುವನ್ನು ಹಾಗೇ ಬಳಸುವುದಕ್ಕಿಂತ, ಅದನ್ನು ಸ್ವಲ್ಪ ಬದಲಿಸಿ ವಿಷ ಕಡಿಮೆ ಮಾಡುವ ದಾರಿಯನ್ನೂ ಹುಡುಕುತ್ತಿದ್ದಾರೆ. ಬ್ಯಾಕ್ಟೀರಿಯಾ ಎಷ್ಟರಲ್ಲಿ ಸಾಯುತ್ತದೆ, ನಮ್ಮ ಜೀವಕೋಶ ಎಷ್ಟರಲ್ಲಿ ಸಾಯುತ್ತದೆ, ಎರಡರ ನಡುವೆ ಅಂತರ ಎಷ್ಟು ಎಂದು ಅಳೆಯದ ಪ್ರಬಂಧ ಅರ್ಧ ಪ್ರಬಂಧ. ಬ್ಲೀಚಿಂಗ್ ಪೌಡರೂ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಅದನ್ನು ಯಾರೂ ಕುಡಿಯುವುದಿಲ್ಲ.

ರಾಜಕೀಯ ಬೆರೆತಾಗ

2000ದ ಸುಮಾರಿಗೆ ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ವಿಪರೀತ ಹರಡಿತ್ತು. ಆಗಿನ ಆರೋಗ್ಯ ಸಚಿವೆ ಮಾಂಟೊ ಶಬಾಲಾಲಾ ಎಂಸಿಮಾಂಗ್ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆ ಮತ್ತು 'ಆಫ್ರಿಕಾದ ಆಲೂಗಡ್ಡೆ' ಎಂಬ ನಾಟಿ ಗೆಡ್ಡೆಯನ್ನು ಹೊಗಳುತ್ತ, ಎಚ್‌ಐವಿ ಔಷಧಿಗಳ ಬಗ್ಗೆ ಅನುಮಾನ ಹರಡಿದರು. ಸರ್ಕಾರ ಔಷಧಿ ಕೊಡುವುದನ್ನು ತಡ ಮಾಡಿತು. ಈ ತಡದಿಂದ 3,30,000ಕ್ಕೂ ಹೆಚ್ಚು ಜೀವ ಹೋದವು ಎಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದರು. ಆ ಗೆಡ್ಡೆಯ ಸಾರ, ಎಚ್‌ಐವಿ ಔಷಧಿಯನ್ನು ದೇಹದಲ್ಲಿ ಸಂಭಾಳಿಸುವ ಕಿಣ್ವಕ್ಕೆ ಅಡ್ಡ ಬರಬಹುದು ಎಂದೂ ಲ್ಯಾಬ್ ಪರೀಕ್ಷೆಗಳು ತೋರಿಸಿದವು.

2020ರ ಏಪ್ರಿಲ್‌ನಲ್ಲಿ ಮಡಗಾಸ್ಕರ್ ಅಧ್ಯಕ್ಷ ಆಂಡ್ರಿ ರಾಜೋಲಿನಾ 'ಕೋವಿಡ್ ಆರ್ಗ್ಯಾನಿಕ್ಸ್' ಎಂಬ ಪಾನೀಯ ಬಿಡುಗಡೆ ಮಾಡಿದರು. ಅದರಲ್ಲಿ ಮುಖ್ಯವಾಗಿ ಇದ್ದದ್ದು ಚೀನಾ ಮೂಲದ ಅದೇ ಆರ್ಟಿಮಿಸಿಯಾ ಗಿಡ. ರೋಗಿಗಳ ಮೇಲೆ ಸರಿಯಾದ ಪ್ರಯೋಗ ಆಗುವ ಮೊದಲೇ ಅದು ಬೇರೆ ದೇಶಗಳಿಗೂ ಹೋಯಿತು. ಮೊದಲು ಪರೀಕ್ಷೆ ಆಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದಾಗ, ಯುರೋಪಿನ ಔಷಧಿಯಾಗಿದ್ದರೆ ಹೀಗೆ ಅನುಮಾನಿಸುತ್ತಿದ್ದರೇ ಎಂದು ಅಧ್ಯಕ್ಷರು ಮರುಪ್ರಶ್ನೆ ಹಾಕಿದರು. ವಸಾಹತು ಕಾಲದಲ್ಲಿ ನಾಟಿ ವೈದ್ಯರನ್ನು ಮಾಟಗಾರರು ಎಂದು ಶಿಕ್ಷಿಸಿದ ನೆನಪು ಇರುವ ನಾಡಿನಲ್ಲಿ ಆ ಮಾತು ತಟ್ಟುತ್ತದೆ. ಆ ನೋವು ನಿಜ. ಆದರೆ ವೈರಸ್‌ಗೆ ಅದು ಗೊತ್ತಿಲ್ಲ. ಪರೀಕ್ಷೆ ಬೇಕು ಎನ್ನುವುದನ್ನು ಅವಮಾನ ಎಂದುಕೊಂಡರೆ ಕೊನೆಗೆ ನಷ್ಟ ಆಗುವುದು ಅದೇ ದೇಶದ ರೋಗಿಗಳಿಗೆ.

ತೊಗಟೆ ಸುಲಿದ ಮರಗಳು

ಪರೀಕ್ಷೆಗೂ ಕಾಡಿಗೂ ಇರುವ ಸಂಬಂಧ ಸುದ್ದಿಗಳಲ್ಲಿ ಬರುವುದೇ ಇಲ್ಲ. ಒಂದು ಗಿಡಕ್ಕೆ ಶಕ್ತಿ ಇದೆ ಎಂದು ಪ್ರಚಾರ ಸಿಕ್ಕರೆ ಅದಕ್ಕೆ ಬೇಡಿಕೆ ಏರುತ್ತದೆ. ಬೇಡಿಕೆ ಏರಿದರೆ ಕಾಡಿನಿಂದ ಕೀಳುತ್ತಾರೆ. ಬೇರು ಕಿತ್ತರೆ ಗಿಡ ಸಾಯುತ್ತದೆ, ಸುತ್ತಲೂ ತೊಗಟೆ ಸುಲಿದರೆ ಮರ ಒಣಗುತ್ತದೆ. ಪ್ರಾಸ್ಟೇಟ್ ತೊಂದರೆಗೆ ಯುರೋಪಿನಲ್ಲಿ ಬಳಸುವ ಪ್ರೂನಸ್ ಆಫ್ರಿಕಾನಾ ಮರದ ತೊಗಟೆ ವ್ಯಾಪಾರ ಎಷ್ಟು ಜೋರಾಯಿತೆಂದರೆ, 1995ರಲ್ಲಿ ಅದನ್ನು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣ ಪಟ್ಟಿಗೆ ಸೇರಿಸಬೇಕಾಯಿತು.

ವಾರ್ಬರ್ಜಿಯಾ ಸಾಲುಟಾರಿಸ್ ಎಂಬ ಮರದ ತೊಗಟೆ ಮೆಣಸಿನಂತೆ ಖಾರ. ದಕ್ಷಿಣ ಆಫ್ರಿಕಾದಲ್ಲಿ ಕೆಮ್ಮು ನೆಗಡಿಗೆ ಅದನ್ನು ಬಳಸುತ್ತಾರೆ. ಲ್ಯಾಬಿನಲ್ಲೂ ಅದರ ಫಲಿತಾಂಶ ಚೆನ್ನಾಗಿದೆ. ಡರ್ಬನ್, ಜೋಹಾನ್ಸ್‌ಬರ್ಗ್‌ನ ಗಿಡಮೂಲಿಕೆ ಸಂತೆಗಳಿಗೆ ತೊಗಟೆ ಸಾಗಿಸಿ ಸಾಗಿಸಿ ಕಾಡಿನಲ್ಲಿ ಮರವೇ ಅಪರೂಪವಾಯಿತು.

ಹೀಗಿರುವಾಗ ಅಲ್ಲಿನ ವಿಜ್ಞಾನಿಗಳು ಬಹಳ ಉಪಯೋಗದ ಒಂದು ಪ್ರಶ್ನೆ ಕೇಳಿದರು. ತೊಗಟೆಯ ಬದಲು ಎಲೆ ಸಾಕಾಗುತ್ತದೆಯೇ? ಎಲೆ ಕಿತ್ತರೆ ಮರ ಮತ್ತೆ ಚಿಗುರುತ್ತದೆ. ಹಲವು ಗಿಡಗಳಲ್ಲಿ ಎರಡೂ ಭಾಗಗಳನ್ನು ಅಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದರು. ಕೆಲವದರಲ್ಲಿ ಎಲೆಯಲ್ಲೂ ಅದೇ ಬಗೆಯ ವಸ್ತುಗಳು, ಅದೇ ಬಗೆಯ ಶಕ್ತಿ ಕಂಡವು. ಕೆಲವದರಲ್ಲಿ ಕಾಣಲಿಲ್ಲ. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಸುತ್ತಮುತ್ತ ಈಗ ವಾರ್ಬರ್ಜಿಯಾ ಸಸಿಗಳನ್ನು ನಾಟಿ ವೈದ್ಯರಿಗೇ ಕೊಟ್ಟು, ಅಂಗಳದಲ್ಲಿ ಬೆಳೆಸಿ ಎಲೆ ಬಳಸುವಂತೆ ಹುರಿದುಂಬಿಸುತ್ತಿದ್ದಾರೆ. ಇಲ್ಲಿ ಲ್ಯಾಬ್ ಪರೀಕ್ಷೆ ಹೊಸ ಔಷಧಿ ಏನೂ ಕೊಡಲಿಲ್ಲ. ಆದರೂ ಒಂದು ಮರವನ್ನೂ ಒಂದು ಪದ್ಧತಿಯನ್ನೂ ಒಟ್ಟಿಗೆ ಉಳಿಸಲು ನೆರವಾಯಿತು. ಕುಳಿ ತಟ್ಟೆಯ ಪರೀಕ್ಷೆಯಿಂದ ಆಗಿರುವ ಉಪಕಾರಗಳಲ್ಲಿ ಇದೇ ಮೇಲಿನದು ಎನ್ನಬಹುದು.

ಮುಂದೆ ಏನಾಗಬಹುದು

ಮೊದಲ ಫಲ ಚರ್ಮ, ಬಾಯಿ, ಗಾಯಗಳ ಔಷಧಿಯಲ್ಲಿ ಕಾಣಬಹುದು. ಮೈಮೇಲೆ ಹಚ್ಚುವಾಗ 40 ಲೀಟರಿನ ಲೆಕ್ಕ ಬರುವುದಿಲ್ಲ. ಸೋಂಕು ಇರುವ ಜಾಗದಲ್ಲೇ ಒಂದು ಮಿಲಿಗ್ರಾಂ ಏನು, ಹತ್ತು ಮಿಲಿಗ್ರಾಂ ಮುಟ್ಟಿಸಬಹುದು. ಆಫ್ರಿಕಾದ ಬಹಳ ಕಡೆ ಜನ ಇಂದಿಗೂ ಹಲ್ಲುಜ್ಜಲು ಜಗಿಯುವ ಕಡ್ಡಿಗಳು ಇದೇ ಕಾರಣಕ್ಕೆ ಪರೀಕ್ಷೆಯಲ್ಲಿ ಚೆನ್ನಾಗಿ ನಿಲ್ಲುತ್ತವೆ. ನಮ್ಮ ಬೇವಿನ ಕಡ್ಡಿಯೂ ಅದೇ ಸಾಲಿನದು. ಕೋಳಿ, ಹಂದಿ ಸಾಕಣೆಯಲ್ಲಿ ಆ್ಯಂಟಿಬಯೋಟಿಕ್ ಬದಲು ಗಿಡದ ಸಾರ ಕೊಡುವ ಪ್ರಯತ್ನಕ್ಕೂ ದಾರಿ ಇದೆ. ಬೆಳವಣಿಗೆ ಹೆಚ್ಚಿಸಲು ಮೇವಿನಲ್ಲಿ ಆ್ಯಂಟಿಬಯೋಟಿಕ್ ಬೆರೆಸುವುದನ್ನು ಯುರೋಪ್ 2006ರಲ್ಲೇ ನಿಲ್ಲಿಸಿದೆ, ಹಾಗಾಗಿ ಮಾರುಕಟ್ಟೆಯೂ ಇದೆ.

ಲ್ಯಾಬ್‌ಗಳ ಕೊರತೆ ಹೀಗೇ ಮುಂದುವರಿದರೆ ಪ್ರಗತಿ ನಿಧಾನವೇ. ಯಾವುದೋ ದೇಶದ ಸಂಗ್ರಹದಿಂದ ತರಿಸಿದ, ದಶಕಗಳ ಹಿಂದಿನ, ಔಷಧಿಗೆ ಸುಲಭವಾಗಿ ಬಗ್ಗುವ ಬ್ಯಾಕ್ಟೀರಿಯಾ ಮೇಲೆ ಮಾತ್ರ ಪರೀಕ್ಷೆ ಮಾಡಿದರೆ ಸ್ಥಳೀಯ ರೋಗಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅಲ್ಲಿನ ಆಸ್ಪತ್ರೆಯ ರೋಗಿಗಳಿಂದ ತೆಗೆದ ಬ್ಯಾಕ್ಟೀರಿಯಾ ಬೇಕು. ಅದನ್ನು ಬೆಳೆಸಿ ಗುರುತಿಸುವ ಲ್ಯಾಬ್ ನೂರಕ್ಕೆ ಎರಡೂ ಇಲ್ಲದ ಕಡೆ ಅದು ಎಲ್ಲಿಂದ ಬರಬೇಕು? ರೋಗಿಗಳಿಗಾಗಿ ಲ್ಯಾಬ್ ಕಟ್ಟಿದರೆ ಗಿಡಗಳ ಸಂಶೋಧನೆಗೂ ಅದೇ ನೆಲೆಯಾಗುತ್ತದೆ. ಘಾನಾದ ಮಾಂಪಾಂಗ್‌ನಲ್ಲಿ 1975ರಲ್ಲಿ ವೈದ್ಯ ಓಕು ಅಂಪೋಫೊ ಅವರ ಮುಂದಾಳತ್ವದಲ್ಲಿ ಶುರುವಾದ ಗಿಡಮೂಲಿಕೆ ಸಂಶೋಧನಾ ಕೇಂದ್ರ ಈ ಜೋಡಣೆಗೆ ಮಾದರಿ. ಅಲ್ಲಿ ಚಿಕಿತ್ಸಾಲಯ ಮತ್ತು ಲ್ಯಾಬ್ ಒಂದೇ ಆವರಣದಲ್ಲಿವೆ.

ಕೊನೆಯದು ಲಾಭ ಯಾರಿಗೆ ಎಂಬ ಪ್ರಶ್ನೆ. ಪೆಲಾರ್ಗೋನಿಯಂ ಬೇರಿನ ಸಾರ ತೆಗೆಯುವ ವಿಧಾನಕ್ಕೆ ಜರ್ಮನಿಯ ಶ್ವಾಬೆ ಕಂಪನಿ ಪಡೆದಿದ್ದ ಪೇಟೆಂಟನ್ನು ದಕ್ಷಿಣ ಆಫ್ರಿಕಾದ ಆಲಿಸ್ ಎಂಬ ಊರಿನ ಸಮುದಾಯ ಪ್ರಶ್ನಿಸಿತು. 2010ರ ಜನವರಿಯಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಅದನ್ನು ರದ್ದು ಮಾಡಿತು. ಅರಿಶಿನದ ಅಮೆರಿಕಾ ಪೇಟೆಂಟ್ 1997ರಲ್ಲಿ ರದ್ದಾದದ್ದು ನೆನಪಿರುವವರಿಗೆ ಈ ಕತೆ ಹೊಸದಲ್ಲ. ನಿತ್ಯಪುಷ್ಪದ ಕ್ಯಾನ್ಸರ್ ಔಷಧಿಗಳ ದುಡ್ಡಿನಲ್ಲಿ ಮಡಗಾಸ್ಕರ್‌ಗೆ ಪಾಲು ಸಿಗಲಿಲ್ಲ ಎಂಬ ಅಸಮಾಧಾನ ಇಂದಿಗೂ ಇದೆ. ಈ ಅನುಭವಗಳಿಂದಾಗಿ ಎಷ್ಟೋ ನಾಟಿ ವೈದ್ಯರು ಸಂಶೋಧಕರಿಗೆ ಗಿಡ ತೋರಿಸಲು ಹಿಂಜರಿಯುತ್ತಾರೆ. ನಂಬಿಕೆ ಇಲ್ಲದೆ ಗಿಡದ ಸರಿಯಾದ ಭಾಗ, ಕೀಳುವ ಕಾಲ, ತಯಾರಿಸುವ ರೀತಿ ಯಾವುದೂ ಲ್ಯಾಬಿಗೆ ತಲುಪುವುದಿಲ್ಲ. ಆಗ ಪರೀಕ್ಷೆಯ ಫಲಿತಾಂಶವೂ ಅರ್ಧಂಬರ್ಧ.

ಲಾಭ ಹಂಚಿಕೊಳ್ಳುವ ನಗೋಯಾ ಒಪ್ಪಂದ 2014ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಇನ್ನೊಂದು ಒಪ್ಪಂದಕ್ಕೆ ದೇಶಗಳು ಒಪ್ಪಿದವು. ಅದರ ಪ್ರಕಾರ ಗಿಡ ಯಾವ ದೇಶದ್ದು, ಅದರ ಬಳಕೆಯ ಜ್ಞಾನ ಯಾವ ಸಮುದಾಯದ್ದು ಎಂದು ಪೇಟೆಂಟ್ ಅರ್ಜಿಯಲ್ಲೇ ಬರೆಯಬೇಕು. ಅದು ಜಾರಿಗೆ ಬರಲು 15 ದೇಶಗಳ ಅಂತಿಮ ಅನುಮೋದನೆ ಬೇಕು. ಅದನ್ನು ಅನುಮೋದಿಸದ ದೇಶದಲ್ಲಿ ಅರ್ಜಿ ಹಾಕುವ ಕಂಪನಿಗೆ ಈ ನಿಯಮ ತಾನಾಗಿ ಅನ್ವಯಿಸುವುದಿಲ್ಲ. ದೊಡ್ಡ ಔಷಧ ಮಾರುಕಟ್ಟೆಗಳಿರುವ ದೇಶಗಳು ಏನು ಮಾಡುತ್ತವೆ ಎನ್ನುವುದರ ಮೇಲೆ ಬಸೊಥೊ ವೈದ್ಯರ ಊರಿಗೆ ಮುಂದಿನ ಬೇರಿನಿಂದ ಏನಾದರೂ ಸಿಗುತ್ತದೆಯೇ ಎಂಬುದು ನಿಂತಿದೆ.